ಬಾವಿಯ ಬಳಿಯ ಜಗಳ: ಮಕ್ಕಳಿಗೆ ಸಮಾಧಾನವನ್ನು ಕಲಿಸುವ ಬಗೆ

ಹೊಸಪೇಟೆ, ಕಂಪ್ಲಿ ಸೀಮೆಯ ಮಕ್ಕಳಿಗೆ ನೀರಿನ ಜಗಳವೆಂದರೇನೆಂದು ವಿವರಿಸಬೇಕಾಗಿಲ್ಲ. ತುಂಗಭದ್ರಾ ಕಾಲುವೆಯ ಮೇಲ್ಭಾಗದವರಿಗೂ ಕೊನೆಯ ಭಾಗದವರಿಗೂ ನಡೆಯುವ ವಾಗ್ವಾದ ಇಲ್ಲಿ ಮನೆಮಾತು. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಮೂರು ರಾಜ್ಯಗಳ ರೈತರು ಒಂದೇ ಚಿಂತೆಗೆ ಒಳಗಾದರು. ಆದ್ದರಿಂದ ಇಲ್ಲಿನ ಪ್ರಾಥಮಿಕ ಶಾಲೆಗಳಲ್ಲಿಯೂ ಸಂಡೇಸ್ಕೂಲುಗಳಲ್ಲಿಯೂ ಸಮಾಧಾನವನ್ನು ಕಲಿಸುವವರಿಗೆ ಆದಿಕಾಂಡದ 26ನೆಯ ಅಧ್ಯಾಯವು ತಕ್ಕ ಪಾಠವೆಂದು ನಾವು ಭಾವಿಸುತ್ತೇವೆ.

ಇಸಾಕನ ಸೇವಕರು ತೋಡಿದ ಬಾವಿಗಳನ್ನು ಗೆರಾರಿನ ಕುರುಬರು ತಮ್ಮವೆಂದು ವಾದಿಸಿದರು. ಅವನು ಏಸೆಕ್, ಸಿಟ್ನಾ ಎಂಬೆರಡು ಬಾವಿಗಳನ್ನು ಬಿಟ್ಟು ಮುಂದೆ ಹೋಗಿ ರೆಹೋಬೋತಿನಲ್ಲಿ ವಿಶಾಲವಾದ ಸ್ಥಳವನ್ನು ಕಂಡನು. ನಮ್ಮ ಪ್ರಸಂಗಗಳು ಹೆಚ್ಚಾಗಿ ಇಲ್ಲಿಗೇ ನಿಲ್ಲುತ್ತವೆ; ಬಿಟ್ಟುಕೊಡುವುದೇ ಸಮಾಧಾನವೆಂದು ಮಕ್ಕಳು ತಿಳಿಯುತ್ತಾರೆ. ಆದರೆ ವೃತ್ತಾಂತ ಇನ್ನೂ ಮುಂದುವರಿಯುತ್ತದೆ. ಅಬೀಮೆಲೆಕನು ಬಂದಾಗ ಇಸಾಕನು ತನ್ನ ನೋವನ್ನು ಮರೆಮಾಡಲಿಲ್ಲ. ದ್ವೇಷಿಸಿ ಹೊರಗಟ್ಟಿದವರು ಈಗೇಕೆ ಬಂದಿರೆಂದು ಕೇಳಿದನು. ಅವರ ಉತ್ತರವನ್ನು ಆಲಿಸಿದನು. ಬಳಿಕ ಊಟವಾಯಿತು, ಬೆಳಿಗ್ಗೆ ಪರಸ್ಪರ ಪ್ರಮಾಣವಾಯಿತು.

ಈ ಕ್ರಮವನ್ನು ತರಗತಿಗೆ ತರಬಹುದು. ನಲ್ಲಿಯ ಬಳಿ ಸರದಿಗಾಗಿ ಇಬ್ಬರು ಮಕ್ಕಳು ತಳ್ಳಾಡಿದರೆನ್ನೋಣ. ಇಬ್ಬರನ್ನೂ ಗದರಿಸಿ 'ಸಾರಿ' ಹೇಳಿಸಿದರೆ ಗಲಾಟೆ ನಿಲ್ಲುತ್ತದೆ, ಜಗಳ ಉಳಿಯುತ್ತದೆ. ಅದರ ಬದಲು ಮೊದಲು ಅವರನ್ನು ಬೇರ್ಪಡಿಸಿ ಕೋಪವಿಳಿಯಲು ಬಿಡಬೇಕು. ಆಮೇಲೆ ಒಬ್ಬನು ನಡೆದುದನ್ನು ಹೇಳಲಿ; ಇನ್ನೊಬ್ಬನು ನಡುವೆ ಬಾಯಿಹಾಕದೆ ಕೇಳಿ, ಕೇಳಿದ್ದನ್ನು ತಿರುಗಿ ಹೇಳಲಿ. ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಆಡುವ ಮಗುವಿಗೆ ತನ್ನ ನುಡಿಯಲ್ಲೇ ಹೇಳಲು ಅವಕಾಶವಿರಲಿ. ಇಲ್ಲವಾದರೆ ಕನ್ನಡ ಬಲ್ಲವನ ಮಾತೇ ಗೆಲ್ಲುತ್ತದೆ. ಕೊನೆಗೆ ನಾಳೆಯೇ ನಡೆಸಬಹುದಾದ ಚಿಕ್ಕ ಒಪ್ಪಂದವನ್ನು ಅವರೇ ಮಾಡಿಕೊಳ್ಳಲಿ; ಅದು ನಡೆಯಿತೇ ಎಂದು ಮರುದಿನ ಉಪಾಧ್ಯಾಯರು ವಿಚಾರಿಸಲಿ. ಬೆತ್ತಕ್ಕೆ ಇಲ್ಲಿ ಎಡೆಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಅಲ್ಲದೆ ಬಲವುಳ್ಳವನದೇ ನ್ಯಾಯವೆಂಬುದನ್ನು ಬೆತ್ತವು ಕಲಿಸುತ್ತದೆ.

ಈ ಪಾಠಕ್ಕೊಂದು ಮಿತಿಯುಂಟು. ಇಸಾಕನು ಅನುಕೂಲಸ್ಥನು, ಬೇರೆಡೆ ಬಾವಿ ತೋಡಬಲ್ಲವನು. ಜಾತಿಯ ಹೆಸರೆತ್ತಿ ಹೀಯಾಳಿಸಲ್ಪಡುವ, ದೊಡ್ಡ ಹುಡುಗರಿಂದ ದಿನವೂ ಪೆಟ್ಟು ತಿನ್ನುವ ಮಗುವಿಗೆ ಹೋಗಲು ಬೇರೆ ಸ್ಥಳವಿಲ್ಲ. ಅಂಥ ಮಗುವನ್ನು ಪೀಡಿಸಿದವನೊಡನೆ ಸರಿಸಮ ಕೂರಿಸಿ ರಾಜಿ ಮಾಡಿಸುವುದು ಅನ್ಯಾಯ. ತಪ್ಪು ಮಾಡಿದ ಸಹೋದರನ ಬಳಿಗೆ ಒಂಟಿಯಾಗಿ ಹೋಗೆಂದು ಬೋಧಿಸುವ ಮತ್ತಾಯ 18ನೆಯ ಅಧ್ಯಾಯವು, ಮಗುವೊಂದನ್ನು ನಡುವೆ ನಿಲ್ಲಿಸುವುದರಿಂದಲೂ ಚಿಕ್ಕವರನ್ನು ಎಡವಿಸುವವನಿಗೆ ಬೀಸುವ ಕಲ್ಲಿನ ಎಚ್ಚರಿಕೆಯಿಂದಲೂ ಆರಂಭವಾಗುತ್ತದೆ. ಮೊದಲು ರಕ್ಷಣೆ, ಆಮೇಲೆ ಸಂಧಾನ ಎಂಬ ಈ ಅನುಕ್ರಮವನ್ನು ನಾವು ತಪ್ಪಿಸಬಾರದು.

ಇದನ್ನು ಕಲಿಸುವ ಹೊಣೆ ಉಪಾಧ್ಯಾಯರದ್ದಷ್ಟೇ ಅಲ್ಲ. ವರುಷಗಟ್ಟಲೆ ಮಾತು ಬಿಟ್ಟ ಹಿರಿಯರು ಒಂದೇ ಕರ್ತನ ಭೋಜನಕ್ಕೆ ಬರುವುದನ್ನು ಮಕ್ಕಳು ಹಿಂದಿನ ಸಾಲಿನಿಂದ ನೋಡುತ್ತಿರುತ್ತಾರೆ. ಸಭಾಪಾಲಕರು ಆ ಹಿರಿಯರ ಮನೆಗಳಿಗೂ ಹೋಗಬೇಕಾಗಿದೆ.