ಆರು ಲಕ್ಷದ ಬಜೆಟ್ಟಿನಲ್ಲಿ ಸೆಕೆಂಡ್ ಹ್ಯಾಂಡ್ ಎಸ್‌ಯುವಿ

ಸಂಘದ ಸಭೆ ಮುಗಿದು ಊಟಕ್ಕೆ ಕೂತಾಗ ನಮ್ಮವರ ಬಾಯಲ್ಲಿ ಬರುವ ಮಾತು ಮೂರು. ಕಮರ್ಷಿಯಲ್ ಸಿಲಿಂಡರಿನ ರೇಟು, ಕೆಲಸಕ್ಕೆ ಹುಡುಗರು ಸಿಗದ ತಾಪತ್ರಯ, ಆಮೇಲೆ ಗಾಡಿ. ಈಗೀಗ ಗಾಡಿ ಎಂದರೆ ಎಲ್ಲರಿಗೂ ಎಸ್‌ಯುವಿಯೇ ಬೇಕು. ಅದಕ್ಕೆ ಕಾರಣವೂ ಇದೆ. ಮುಂಬಯಿಯ ಮಳೆಗಾಲದ ಹೊಂಡ, ಊರಿನ ಮನೆಯಂಗಳಕ್ಕೆ ಇಳಿಯುವ ಕಚ್ಚಾ ರಸ್ತೆ, ಚಾರ್ಮಾಡಿಯಂಥ ಘಾಟಿ, ಇವೆಲ್ಲ ತಗ್ಗಿನ ಕಾರಿಗೆ ಹೇಳಿದ್ದಲ್ಲ.

ನನ್ನ ಅಳಿಯ, ಅಂದರೆ ತಂಗಿಯ ಮಗ, ಡೊಂಬಿವಲಿಯಲ್ಲಿ ಹನ್ನೆರಡು ಟೇಬಲಿನ ಹೊಟೇಲು ನಡೆಸುತ್ತಾನೆ. ತಂಗಿಗೆ ಎರಡೂ ಮಂಡಿ ಆಪರೇಷನ್ ಆಗಿದೆ. ಸ್ಲೀಪರ್ ಬಸ್ಸು ಹತ್ತಲಾಗುವುದಿಲ್ಲ, ಹಳೆಯ ಸಣ್ಣ ಕಾರಿನಲ್ಲಿ ಕೂತರೆ ಏಳಲಾಗುವುದಿಲ್ಲ. ಊರಿನ ನಾಗಾರಾಧನೆಗೆ ಹೋಗದೆ ಮೂರು ವರ್ಷವಾಯಿತು. ಅಳಿಯ ಬಂದು ಹೇಳಿದ, "ಮಾವ, ಭಿಶಿಯ ದುಡ್ಡು ಸೇರಿ ಆರು ಲಕ್ಷ ಇದೆ. ಅದರ ಮೇಲೆ ಹೋದರೆ ಹುಡುಗರ ದೀಪಾವಳಿ ಬೋನಸ್ಸಿಗೇ ಕೈ ಹಾಕಬೇಕಾಗುತ್ತದೆ." ನಾವಿಬ್ಬರೂ ಎರಡು ತಿಂಗಳಲ್ಲಿ ಹನ್ನೊಂದು ಗಾಡಿ ನೋಡಿದೆವು. ನೋಡಿ ತಿಳಿದದ್ದನ್ನು, ನಾಲ್ಕು ಗ್ಯಾರೇಜಿನವರಿಂದ ಕೇಳಿದ್ದನ್ನು ಬಂಧುಗಳಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಕೈಯಲ್ಲಿ ಆರು ಲಕ್ಷ ಇದ್ದರೆ ಆರು ಲಕ್ಷದ ಗಾಡಿ ನೋಡಬಾರದು. ನಾವು ಐದೂಕಾಲು ಲಕ್ಷಕ್ಕೆ ಗೆರೆ ಹಾಕಿದೆವು. ನಾಲ್ಕು ಟಯರು, ಬ್ಯಾಟರಿ, ಇನ್ಶೂರೆನ್ಸು, ಹೆಸರು ಬದಲಾವಣೆ, ಪೂರ್ತಿ ಸರ್ವಿಸು ಎಂದು ಉಳಿದ ಮುಕ್ಕಾಲು ಲಕ್ಷ ಎಲ್ಲಿ ಹೋಗುತ್ತದೆಂದು ಗೊತ್ತಾಗುವುದಿಲ್ಲ. ಚೌಕಾಸಿಗೆ ಈಗ ನಮ್ಮ ಕೈಯಲ್ಲೊಂದು ಅಸ್ತ್ರವೂ ಇದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ ಹೊಸ ಗಾಡಿಗಳ ಜಿಎಸ್‌ಟಿ 18 ಶೇಕಡಕ್ಕೆ ಇಳಿಯಿತು (ಪೆಟ್ರೋಲ್ ಆದರೆ 1200 ಸಿಸಿವರೆಗೆ, ಡೀಸೆಲ್ ಆದರೆ 1500 ಸಿಸಿವರೆಗೆ). ಮೊದಲು ಸೆಸ್ ಸೇರಿ 29, 31 ಇತ್ತು. ಹೊಸದರ ಬೆಲೆ ಇಳಿದ ಮೇಲೆ ಹಳೆಯದು ಹಳೆಯ ರೇಟಿನಲ್ಲೇ ಯಾಕೆ ನಿಲ್ಲಬೇಕು? ದಲಾಲರಿಗೆ ಇದನ್ನು ನೆನಪು ಮಾಡಿಕೊಡಿ.

ಪೆಟ್ರೋಲೋ ಡೀಸೆಲ್ಲೋ ಎಂಬುದು ನಿಮ್ಮ ಓಡಾಟದ ಮೇಲೆ. ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ ಬಂದು, ಸಂಜೆ ಮನೆಗೆ ಹೋಗುವವರಿಗೆ ಪೆಟ್ರೋಲೇ ಸಾಕು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಹೈವೇಯಲ್ಲಿ ಬಿಸಿಯಾಗಿ ಓಡಿದರೆ ಮಸಿ ಸುಟ್ಟುಹೋಗುತ್ತದೆ. ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸಿದರೆ ಕಟ್ಟಿಕೊಳ್ಳುತ್ತದೆ, ನಮ್ಮ ಅಡುಗೆಮನೆಯ ಚಿಮಣಿ ಕಟ್ಟಿದ ಹಾಗೆ. ಬದಲಿಸುವ ಖರ್ಚು ಬಹಳ. ಅಳಿಯನಿಗೆ ವರ್ಷಕ್ಕೆ ನಾಲ್ಕೈದು ಸಲ ಊರಿನ ಪ್ರಯಾಣ ಇರುವುದರಿಂದ 2020ಕ್ಕಿಂತ ಹಿಂದಿನ ಡೀಸೆಲ್ ಎಂದು ತೀರ್ಮಾನಿಸಿದೆವು.

ಈ ಬಜೆಟ್ಟಿನಲ್ಲಿ ನಾವು ಮುಖ್ಯವಾಗಿ ನೋಡಿದ್ದು ಮೂರು. 2016ರ ಮಾರ್ಚಿನಲ್ಲಿ ಬಂದ ಮಾರುತಿಯ ವಿಟಾರಾ ಬ್ರೆಝಾ 2020ರವರೆಗೆ 1.3 ಲೀಟರ್ ಡೀಸೆಲ್ಲಿನಲ್ಲಿ ಸಿಗುತ್ತಿತ್ತು. ಇದೇ ಇಂಜಿನ್ ಸ್ವಿಫ್ಟ್, ಡಿಝೈರ್ ಡೀಸೆಲ್ಲಿನಲ್ಲೂ ಇದ್ದದ್ದು. ಟ್ಯಾಕ್ಸಿ ರಿಪೇರಿ ಮಾಡುವ ಹುಡುಗನಿಗೂ ಅದರ ಕರುಳು ಗೊತ್ತು. ನಡುದಾರಿಯಲ್ಲಿ ನಿಂತರೆ ಇದು ದೊಡ್ಡ ಮಾತು. ಟಾಟಾ ನೆಕ್ಸಾನ್ ಬಂದದ್ದು 2017ರಲ್ಲಿ. 2018ರ ಡಿಸೆಂಬರಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ ಐದು ಸ್ಟಾರ್ ಪಡೆದ ಗಾಡಿ, ಬ್ರೆಝಾಕ್ಕೆ ಸಿಕ್ಕಿದ್ದು ನಾಲ್ಕು. ಫೋರ್ಡಿನ ಇಕೋಸ್ಪೋರ್ಟ್ ಓಡಿಸಲು ಬಹಳ ಗಟ್ಟಿ, ಬೆಲೆಯೂ ಕಡಿಮೆ. ಆದರೆ ಕಂಪನಿ 2021ರ ಸೆಪ್ಟೆಂಬರಿನಲ್ಲಿ ಇಲ್ಲಿಯ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಸಮೀಪದಲ್ಲಿ ನಂಬಿಕೆಯ ಸರ್ವಿಸ್ ಇದ್ದರೆ ಮಾತ್ರ ಅದರ ಕಡೆ ಹೋಗಿ. ಕೊನೆಗೆ ಅಳಿಯ ತೆಗೆದುಕೊಂಡದ್ದು 2018ರ ಬ್ರೆಝಾ. ನನಗೆ ನೆಕ್ಸಾನ್ ಮೇಲೆ ಮನಸ್ಸಿತ್ತು. ಆದರೆ ಗಾಡಿಯ ಸೀಟಿನಲ್ಲಿ ಆರಾಮವಾಗಿ ಕೂತು ಎದ್ದವಳು ತಂಗಿ, ಅವಳ ಮಾತೇ ನಡೆಯಿತು.

ಎಲ್ಲಕ್ಕಿಂತ ಹೆದರಬೇಕಾದ್ದು ನೆರೆಯಲ್ಲಿ ಮುಳುಗಿದ ಗಾಡಿಗೆ. 2005ರ ಜುಲೈ 26ರ ಮುಂಬಯಿಯನ್ನು ನಾವ್ಯಾರೂ ಮರೆತಿಲ್ಲ. 2015 ಮತ್ತು 2023ರ ಡಿಸೆಂಬರಿನಲ್ಲಿ ಚೆನ್ನೈ, 2020ರ ಅಕ್ಟೋಬರಿನಲ್ಲಿ ಹೈದರಾಬಾದ್. ಅಂಥ ಪ್ರತಿ ನೆರೆಯ ನಂತರ ಮುಳುಗಿದ ಗಾಡಿಗಳು ತೊಳೆದು ಒರೆಸಿಕೊಂಡು ಬೇರೆ ಊರಿನ ಮಾರುಕಟ್ಟೆಗೆ ಬರುತ್ತವೆ. ಠಾಣೆಯ ನಮ್ಮ ಹೊಟೇಲ್ ಮಿತ್ರರೊಬ್ಬರು ಒಬ್ಬ ಡೀಲರನಿಂದ ಅಂಥದ್ದೇ ಒಂದನ್ನು ತಂದರು. ಒಂದು ತಿಂಗಳು ಚೆನ್ನಾಗಿ ಓಡಿತು. ಆಮೇಲೆ ಕಶೇಡಿ ಘಾಟಿನಲ್ಲಿ ರಾತ್ರಿ ಎರಡು ಗಂಟೆಗೆ, ಹೆಂಡತಿ ಮಕ್ಕಳು ಒಳಗಿರುವಾಗ, ಲೈಟು ಸಮೇತ ಎಲ್ಲಾ ಬಂದ್. ವೈರಿಂಗ್ ಪೂರ್ತಿ ತುಕ್ಕು ಹಿಡಿದಿತ್ತು. ಹಿಂದಿನಿಂದ ಟ್ರಕ್ಕು ಬಾರದೆ ಇದ್ದದ್ದು ದೇವರ ದಯೆ.

ಹಾಗಾಗಿ ಮೇಲಿನ ಪಾಲಿಶ್ ನೋಡಬೇಡಿ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಒಳಗಿನ ತುದಿಯಲ್ಲಿ ಮಣ್ಣಿನ ಕಲೆ ಇದ್ದರೆ ಅಲ್ಲಿಂದಲೇ ನಮಸ್ಕಾರ ಹೇಳಿ. ಕಾರ್ಪೆಟ್ ಎತ್ತಿ, ಸೀಟಿನ ಕೆಳಗಿನ ಹಳಿಗೆ ಟಾರ್ಚ್ ಬಿಡಿ, ಸ್ಟೆಪ್ನಿ ಇಡುವ ಗುಂಡಿ ನೋಡಿ. ಅಗತ್ಯಕ್ಕಿಂತ ಹೆಚ್ಚು ಸೆಂಟ್ ಹೊಡೆದಿದ್ದರೆ ಏನೋ ಮುಚ್ಚಿಟ್ಟಿದ್ದಾರೆ ಎಂದೇ ಲೆಕ್ಕ. ಹಳಸಿದ ಹಿಟ್ಟನ್ನು ವಾಸನೆಯಲ್ಲೇ ಹಿಡಿಯುವ ನಮಗೆ ಇದೇನು ಕಷ್ಟವಲ್ಲ.

ಗಾಡಿ ನೋಡಲು ಬೆಳಿಗ್ಗೆಯೇ ಹೋಗಿ, ಇಂಜಿನ್ ತಣ್ಣಗಿರುವಾಗ. ಬಾನೆಟ್ ಮುಟ್ಟಿದರೆ ಬಿಸಿ ಇದೆಯೆಂದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಮೀಟರಿನಲ್ಲಿ 40 ಸಾವಿರ ಇದ್ದು ಪೆಡಲಿನ ರಬ್ಬರು ಸವೆದು ನುಣುಪಾಗಿದ್ದರೆ ಮೀಟರು ಸುಳ್ಳು ಹೇಳುತ್ತಿದೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕೆ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 3218 ಎಂದಿದ್ದರೆ 2018ರ 32ನೇ ವಾರದ್ದು, ಅದನ್ನು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಮನಸ್ಸಿಗೆ ಬಂದ ಮೇಲೂ ನಿಮ್ಮದೇ ಮೆಕ್ಯಾನಿಕ್ಕಿಗೆ ಸಾವಿರದೈನೂರು ಕೊಟ್ಟು ಲಿಫ್ಟಿನ ಮೇಲೆ ಏರಿಸಿ ತೋರಿಸಿ. ಮಾರುವವನು ಅದಕ್ಕೆ ಒಪ್ಪದಿದ್ದರೆ ಬಿಟ್ಟುಬಿಡಿ.

ಕಾಗದಪತ್ರದಲ್ಲಿ ನಮ್ಮವರು ಹೆಚ್ಚು ಎಡವುವುದು ಬ್ಯಾಂಕಿನ ಸಾಲದಲ್ಲಿ. ಆರ್‌ಸಿಯಲ್ಲಿ ಹೈಪಾಥಿಕೇಶನ್ ಇದ್ದರೆ ಬ್ಯಾಂಕಿನ ಎನ್‌ಒಸಿ, ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ, ಮಾರುವವರು ಎಷ್ಟೇ ಪರಿಚಯದವರಾಗಿರಲಿ. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಬಾಕಿ ಚಲನ್‌ಗಳನ್ನು ಪರಿವಾಹನ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ನೋಡಬಹುದು. ಕೊಂಡ 14 ದಿನದೊಳಗೆ ಇನ್ಶೂರೆನ್ಸನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಿಂದಿನವರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ಅವರ ಜೊತೆಯೇ ಹೋಗುತ್ತದೆ. ಹಳೆಯ ಫಾಸ್ಟ್ಯಾಗ್ ಬಂದ್ ಮಾಡಿಸಿ ಹೊಸದು ಹಚ್ಚಿ.

ಡೆಲ್ಲಿಯ ಡೀಸೆಲ್ ಗಾಡಿ ಅಗ್ಗ ಎಂದು ಪುಣೆ, ಹೈದರಾಬಾದಿನ ಕೆಲವು ಬಂಧುಗಳು ಆಸೆಪಡುತ್ತಾರೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್‌ಗೆ ನಿರ್ಬಂಧ ತಂದದ್ದರಿಂದ ಬೆಲೆ ಇಳಿದದ್ದು. 2025ರಲ್ಲಿ ಸುಪ್ರೀಂ ಕೋರ್ಟು ಸ್ವಲ್ಪ ಸಡಿಲಿಸಿದೆ. ಬೇರೆ ರಾಜ್ಯದ ಗಾಡಿಗೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಇಲ್ಲಿ ರೋಡ್ ಟ್ಯಾಕ್ಸ್ ಮತ್ತೆ ಕಟ್ಟಬೇಕು. ಅದನ್ನೂ ಕೂಡಿಸಿ, ಆಮೇಲೆ ಅಗ್ಗವೋ ಅಲ್ಲವೋ ನೋಡಿ. ಊರಿನಲ್ಲಿ ಅಣ್ಣ ತಮ್ಮಂದಿರ ಹೆಸರಿನಲ್ಲಿರುವ ಕೆಎ 19, ಕೆಎ 20 ನಂಬರಿನ ಗಾಡಿಯನ್ನು ಇಲ್ಲಿ ತಂದಿಟ್ಟುಕೊಂಡವರಿಗೂ 12 ತಿಂಗಳು ದಾಟಿದರೆ ಇದೇ ನಿಯಮ.