ಬೆಂಕಿ ಬಿಡಿಸಿದ ಚಪ್ಪಡಿ, ಬಿಸಿಲು ಬಿಡಿಸುವ ಬಂಡೆ

ಬೆಂಗಳೂರು ಸೀಮೆಯ ಕಲ್ಲುಕುಟಿಗರು ಒಂದು ಕಾಲಕ್ಕೆ ಸಿಡಿಮದ್ದಿನ ಹಂಗಿಲ್ಲದೆ, ಬರೀ ಸೌದೆಯ ಉರಿಯಿಂದ ಗ್ರಾನೈಟಿನ ಚಪ್ಪಡಿ ಎಬ್ಬಿಸುತ್ತಿದ್ದರು. ಎಚ್. ವಾರ್ತ್ 1895ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಲೆಕ್ಕಸಮೇತ ದಾಖಲಿಸಿದ್ದಾರೆ. ಹಾಸುಬಂಡೆಯ ಮೇಲೆ ಏಳು ಅಡಿ ಉದ್ದದ ಬೆಂಕಿಯ ಸಾಲು ಹೂಡುವುದು, ಸುತ್ತಿಗೆಯಿಂದ ತಟ್ಟಿ ಆಲಿಸುವುದು, ಅಡಿಯ ಬಂಡೆಯಿಂದ ಪದರ ಬಿಟ್ಟಿದೆಯೆಂದು ಸದ್ದಿನಿಂದ ಖಾತ್ರಿಯಾದ ಮೇಲೆ ಬೆಂಕಿಯನ್ನು ಮುಂದೆ ಸರಿಸುವುದು. ಎಂಟು ಗಂಟೆಯಲ್ಲಿ ಸುಮಾರು 740 ಚದರ ಅಡಿಯ, ಐದು ಇಂಚು ದಪ್ಪದ ಹಾಸು ಕಿತ್ತುಬಂದಿತ್ತು; ಒಂದು ಪೌಂಡ್ ಸೌದೆಗೆ 30 ಪೌಂಡ್ ಕಲ್ಲು. ಈ ಲೆಕ್ಕದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಬೇರೊಂದು ಅಂಕಿ. ಬೆಂಕಿ ಹಾಯ್ದದ್ದು 460 ಚದರ ಅಡಿಯ ಮೇಲೆ ಮಾತ್ರ. ಬಿರುಕು ಅದರ ಎರಡೂ ಮಗ್ಗುಲಿಗೆ ಸುಮಾರು ಮೂರು ಅಡಿ ಆಚೆಗೂ ಓಡಿತ್ತು. ಅಂದರೆ ಉರಿ ತಾಗದ ಕಡೆಯೂ ಕಲ್ಲು ಸೀಳಿತ್ತು.

ಬಂಡೆಯನ್ನು ಒಡೆಯುವುದು ಶಾಖವಲ್ಲ, ಶಾಖದ ಅಸಮಾನತೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಕಲ್ಲಿನಲ್ಲಿ ಶಾಖ ನಿಧಾನವಾಗಿ ಇಳಿಯುತ್ತದೆ. ಮೇಲಿನ ಪದರ ಕಾದು ಹಿಗ್ಗಲು ಹೊರಟಾಗ ಕೆಳಗಿನ ತಣ್ಣನೆಯ ಬಂಡೆ ಅದನ್ನು ಹಿಡಿದಿಡುತ್ತದೆ. ಆ ಜಗ್ಗಾಟ ಕಲ್ಲಿನ ತಾಳಿಕೆಯನ್ನು ಮೀರಿದಾಗ ಪದರ ಮೇಲೇಳುತ್ತದೆ. ಗ್ರಾನೈಟಿನ ಒಳಗೂ ಇಂಥದೇ ತಿಕ್ಕಾಟ: ಬೆಣಚಿನ ಹರಳು ಪಕ್ಕದ ಫೆಲ್ಡ್‌ಸ್ಪಾರಿಗಿಂತ ಹೆಚ್ಚು ಹಿಗ್ಗುತ್ತದೆ, 573 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ತನ್ನ ರಚನೆಯನ್ನೇ ಬದಲಿಸಿ ಒಮ್ಮೆಲೇ ಉಬ್ಬುತ್ತದೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ 600 ಅಡಿಗೂ ಆಳಕ್ಕೆ ಚಿನ್ನದ ಜಾಡು ಹಿಡಿದು ಇಳಿದವರು ಬಂಡೆಯನ್ನು ಸಡಿಲಿಸಲು ಬೆಂಕಿಯನ್ನೇ ನೆಚ್ಚಿದ್ದರೆಂಬುದಕ್ಕೆ ಹಳೆಯ ಸುರಂಗಗಳಲ್ಲಿ ಗುರುತುಗಳಿವೆ.

ಬೆಂಕಿಯ ಮಾತು ಸರಿ, ಬಿಸಿಲಿಗೆ ಅಷ್ಟು ಕಸುವೆಲ್ಲಿದೆ ಎಂದು ಕೇಳಬಹುದು. ಈ ಆಕ್ಷೇಪಕ್ಕೆ ಪ್ರಯೋಗಶಾಲೆಯ ಬಲವೂ ಇತ್ತು. ಡೇವಿಡ್ ಗ್ರಿಗ್ಸ್ 1936ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗ್ರಾನೈಟಿನ ತುಂಡನ್ನು 89,400 ಬಾರಿ ಕಾಯಿಸಿ ಆರಿಸಿದರು, ಅಂದರೆ 244 ವರ್ಷಗಳ ಹಗಲು ರಾತ್ರಿ. ನಿಜವಾದ ಬಿಸಿಲಿಗಿಂತ ಎಷ್ಟೋ ಪಟ್ಟು ತೀವ್ರವಾದ ಏರಿಳಿತಕ್ಕೂ ಅದು ಜಗ್ಗಲಿಲ್ಲ. ಬಹುಕಾಲ ಪಠ್ಯಪುಸ್ತಕಗಳು ಇದನ್ನೇ ಕೊನೆಯ ತೀರ್ಪೆಂದು ನಂಬಿದವು. ಆದರೆ ಅದೇ ಗ್ರಿಗ್ಸ್ ಬಿಸಿ ಕಲ್ಲನ್ನು ನೀರಿನಿಂದ ತಣಿಸಿದಾಗ, ಎರಡೂವರೆ ವರ್ಷಕ್ಕೆ ಸಮನಾದ ಆವರ್ತನೆಗಳಲ್ಲೇ ಬಿರುಕು ಕಾಣಿಸಿತು. ಮೇಲಾಗಿ ಅವರದು ಅಂಗೈಯಗಲದ ತುಂಡು, ಎಲ್ಲ ದಿಕ್ಕಿಗೂ ಹಿಗ್ಗಲು ಅದಕ್ಕೆ ಅವಕಾಶವಿತ್ತು. ಬೆಟ್ಟಕ್ಕೆ ಆ ಸ್ವಾತಂತ್ರ್ಯವಿಲ್ಲ. ಸುತ್ತಲ ಕಲ್ಲು ಅದನ್ನು ಅದುಮಿ ಹಿಡಿದಿರುತ್ತದೆ.

ಬಯಲಲ್ಲಿ ನಿಂತ ಬಂಡೆಯನ್ನೇ ಅಳೆದಾಗ ಉತ್ತರ ಬದಲಾಯಿತು. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯ ಗ್ರಾನೈಟ್ ಗೋಡೆಯಿಂದ ಅರ್ಧ ಬಿಟ್ಟುಕೊಂಡಿದ್ದ ಪದರವೊಂದನ್ನು ಬ್ರಯನ್ ಕಾಲಿನ್ಸ್ ಮತ್ತು ಗ್ರೆಗ್ ಸ್ಟಾಕ್ ವರ್ಷಗಟ್ಟಲೆ ಅಳೆದು 2016ರಲ್ಲಿ ವರದಿ ಮಾಡಿದರು: ಹಗಲು ಅದು ಗೋಡೆಯಿಂದ ಸುಮಾರು ಒಂದು ಸೆಂಟಿಮೀಟರಿನವರೆಗೂ ದೂರ ಸರಿಯುತ್ತದೆ, ರಾತ್ರಿ ಮರಳುತ್ತದೆ, ಒಟ್ಟಾರೆ ಬಿರುಕು ಹಿಗ್ಗುತ್ತ ಹೋಗುತ್ತದೆ. ಸಾವನದುರ್ಗದಂಥ ಏಕಶಿಲಾ ಬೆಟ್ಟಗಳ ಪದರಗಳೆಲ್ಲ ಬಿಸಿಲಿನ ಕೆಲಸ ಎಂದು ನಾನು ಹೇಳಲಾರೆ. ಮೇಲಿನ ಮಣ್ಣು ಕಲ್ಲು ಸವೆದು ಭಾರ ಇಳಿದಾಗಲೇ ಆಳದ ಪದರಗಳಲ್ಲಿ ಸೀಳು ಹುಟ್ಟಿರುತ್ತದೆ. ದಿನದ ಬಿಸಿ ಅಷ್ಟು ಕೆಳಗೆ ತಲುಪುವುದೇ ಇಲ್ಲ. ಹುಟ್ಟಿದ ಸೀಳನ್ನು ದಿನದಿನವೂ ಬೆಳೆಸುವುದು ಬಿಸಿಲು.

ಹಾಗಿದ್ದರೆ ಧಾರವಾಡ ಜಿಲ್ಲೆಯ ಪಡುವಣ ಅಂಚಿನ ಅಳ್ನಾವರದಲ್ಲಿ ಬೋಳು ಗ್ರಾನೈಟ್ ಗುಡ್ಡಗಳೇಕಿಲ್ಲ? ಅಲ್ಲಿನ ನೆಲ ಬೇರೆ. ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲಿ ‘ಧಾರವಾಡ’ ಎಂದು ಹೆಸರಿಟ್ಟ, ಸಮುದ್ರದಡಿಯ ಕೆಸರು ಮರಳು ಗಟ್ಟಿಯಾಗಿ ಮಡಿಕೆಬಿದ್ದ ಪದರಶಿಲೆಗಳ ವಲಯವದು. ಆ ಪದರಗಳ ನಡುವೆ ಸೀಳಿನ ಜಾಗ ಮೊದಲೇ ಸಿದ್ಧವಿದೆ. ಚೈತ್ರ ವೈಶಾಖದ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಮಧ್ಯಾಹ್ನದ ಗುಡುಗುಮಳೆ ದಿಢೀರನೆ ಬೀಳುವ ಊರದು. ಗ್ರಿಗ್ಸ್ ಪ್ರಯೋಗದ ಎರಡನೆಯ ಭಾಗ ಅಲ್ಲಿ ಬಯಲಲ್ಲೇ ನಡೆಯುತ್ತದೆ. ಬಿಸಿಲು ತೆರೆದ ಕೂದಲೆಳೆಯಷ್ಟು ದಾರಿಯಲ್ಲಿ ಮಲೆನಾಡಿನ ಸೆರಗಿನ ಮಳೆನೀರು ಇಳಿದು ಖನಿಜಗಳನ್ನು ಜೇಡಿಯಾಗಿಸುತ್ತದೆ, ಕಬ್ಬಿಣದ ಅಂಶ ತುಕ್ಕು ಹಿಡಿದು ಮಣ್ಣು ಕೆಂಪೇರುತ್ತದೆ. ಒಮ್ಮೆ ಮಣ್ಣು ಮುಚ್ಚಿ ಕಾಡು ಬೆಳೆಯಿತೆಂದರೆ ಕೆಳಗಿನ ಬಂಡೆಗೆ ಬಿಸಿಲು ತಾಕುವುದು ನಿಲ್ಲುತ್ತದೆ, ಕೆಲಸವನ್ನು ನೀರೊಂದೇ ಮುಂದುವರಿಸುತ್ತದೆ. ಕಲ್ಲುಗಣಿಗೋ ರಸ್ತೆಗೋ ಗುಡ್ಡ ಕಡಿದಲ್ಲಿ ಮಾತ್ರ ಹೊಸ ಮೈ ಬಿಸಿಲಿಗೆ ಬೀಳುತ್ತದೆ, ಮತ್ತು ಅಲ್ಲಿ ಕಲ್ಲು ಸಡಿಲುವುದನ್ನು ಮಳೆಗಾಲದಲ್ಲಷ್ಟೇ ಅಲ್ಲ, ಬೇಸಿಗೆಯಲ್ಲೂ ಕಾಯಬೇಕು.