ಮಳೆಯ ಹುಳಿ, ಮಣ್ಣಿನ ಹುಳಿ: ಮೇವಿನ ಹುಲ್ಲಿಗೂ ಸುಣ್ಣ ಬೇಕು



ದುಬಾರೆಯ ಸುತ್ತಮುತ್ತ ಕಾಫಿ ತೋಟಕ್ಕೆ ಸುಣ್ಣ ಹಾಕುವುದು ನಿಮಗೆ ಹೊಸದಲ್ಲ. ಆದರೆ ಕೊಟ್ಟಿಗೆ ಹಿಂದಿನ ನೇಪಿಯರ್ ಹುಲ್ಲಿನ ಜಾಗಕ್ಕೆ ಹಾಕಿದ್ದೀರಾ? ಅದು ಏಕೆ ಬೇಕೆಂದು ತಿಳಿಯಲು ಮಳೆಯಿಂದಲೇ ಶುರು ಮಾಡೋಣ.

ಮಳೆ ಹುಳಿಯಾಗುವುದು ಹೇಗೆ?

ಶುದ್ಧ ಮಳೆನೀರೂ ಸ್ವಲ್ಪ ಹುಳಿಯೇ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಕರಗುವುದರಿಂದ ಅದರ ರಸಸಾರ ಸುಮಾರು 5.6. ರಸಸಾರ 7 ಇದ್ದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ; ಒಂದು ಅಂಕ ಇಳಿದರೆ ಹುಳಿ 10 ಪಟ್ಟು ಹೆಚ್ಚಿದಂತೆ. ಕಲ್ಲಿದ್ದಲು, ಡೀಸೆಲ್ ಉರಿದಾಗ ಬರುವ ಗಂಧಕ ಮತ್ತು ಸಾರಜನಕದ ಆಕ್ಸೈಡ್‌ಗಳು ಮೋಡದಲ್ಲಿ ಗಂಧಕಾಮ್ಲ, ನೈಟ್ರಿಕ್ ಆಮ್ಲವಾಗುತ್ತವೆ. ಇದೇ ಆಮ್ಲ ಮಳೆ. ಮಳೆಯಿಲ್ಲದಾಗಲೂ ಇವು ದೂಳಿನೊಂದಿಗೆ ಎಲೆ, ಮಣ್ಣಿನ ಮೇಲೆ ಕೂರುತ್ತವೆ.

ನಮ್ಮ ಮಣ್ಣಿಗೆ ಆಗುವುದೇನು?

ಕೊಡಗಿನಲ್ಲಿ ಹೊಗೆಗಿಂತ ಮಳೆಯ ಪ್ರಮಾಣವೇ ದೊಡ್ಡ ಕಾರಣ. ಮುಂಗಾರು ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದು ಕಾವೇರಿಗೆ ಸೇರಿಸುತ್ತದೆ. ವರ್ಷವರ್ಷ ಹಾಕುವ ಯೂರಿಯಾವೂ ಹುಳಿ ಹೆಚ್ಚಿಸುತ್ತದೆ. ಮಣ್ಣಿನ ರಸಸಾರ 5.5ಕ್ಕಿಂತ ಇಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ಬೆಳವಣಿಗೆ ನಿಲ್ಲಿಸುತ್ತದೆ, ರಂಜಕ ಬೇರಿಗೆ ಸಿಗುವುದಿಲ್ಲ. ಹುಲ್ಲು ಕುಗ್ಗುತ್ತದೆ.

ಒಂದು ಲೀಟರ್ ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಇದೆ. 10 ಲೀಟರ್ ಕೊಡುವ ಹಸು ದಿನಕ್ಕೆ 12 ಗ್ರಾಂ ಕಳೆದುಕೊಳ್ಳುತ್ತದೆ. ಮೇವಿನಲ್ಲಿ ಸಿಗದಿದ್ದರೆ ತನ್ನ ಮೂಳೆಯಿಂದಲೇ ತೆಗೆಯುತ್ತದೆ.

ಕೊಟ್ಟಿಗೆಯ ಪಾಲೂ ಇದೆ

ಬೆಳಿಗ್ಗೆ ಕೊಟ್ಟಿಗೆಯಲ್ಲಿ ಕಣ್ಣು ಉರಿಸುವ ವಾಸನೆ ಗಂಜಲದಿಂದ ಎದ್ದ ಅಮೋನಿಯಾ. ಗಾಳಿಯಲ್ಲಿ ಅದು ಹುಳಿಯನ್ನು ಮುರಿಯುತ್ತದೆ. ಆದರೆ ಮಳೆಯೊಂದಿಗೆ ನೆಲಕ್ಕೆ ಬಿದ್ದ ಮೇಲೆ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುವಾಗ ಮಣ್ಣು ಹುಳಿಯಾಗುತ್ತದೆ. ಕರುವಿನ ಶ್ವಾಸಕೋಶಕ್ಕೂ ಅದು ಕೆಟ್ಟದ್ದು.

ನೀವು ಮಾಡಬೇಕಾದದ್ದು

• ಹುಲ್ಲಿನ ಜಾಗದ ಮಣ್ಣನ್ನು ಬೇರೆಯಾಗಿ ತೆಗೆದು ರೈತ ಸಂಪರ್ಕ ಕೇಂದ್ರ ಅಥವಾ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದ ಮೂಲಕ ಪರೀಕ್ಷೆ ಮಾಡಿಸಿ. ವರದಿ ಹೇಳಿದಷ್ಟೇ ಸುಣ್ಣ ಹಾಕಿ.

• ಮಣ್ಣು ತೇವವಿದ್ದು ಜೋರು ಮಳೆ ಇಲ್ಲದಾಗ ಹಾಕಿ. ಯೂರಿಯಾ, ಹಟ್ಟಿಗೊಬ್ಬರದ ಜೊತೆ ಬೆರೆಸಬೇಡಿ. ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಕೆಲವು ವಾರ ಅಂತರವಿರಲಿ.

• ಗಂಜಲ ನಿಲ್ಲದಂತೆ ಇಳಿಜಾರು ಮಾಡಿ ಗುಂಡಿಗೆ ಹರಿಸಿ. ಒಣ ತರಗೆಲೆ ಹಾಸಿ, ಒದ್ದೆಯಾದದ್ದನ್ನು ದಿನವೂ ತೆಗೆಯಿರಿ. ಗಾಳಿಯಾಡಲು ಕಿಂಡಿ ಇರಲಿ.

• ಖನಿಜ ಮಿಶ್ರಣವನ್ನು ಪೊಟ್ಟಣದ ಮೇಲೆ ಬರೆದ ಅಳತೆಯಲ್ಲಿ ದಿನವೂ ಕೊಡಿ. ಸುಣ್ಣದ ಫಲ ಹುಲ್ಲಿನಲ್ಲಿ ಕಾಣಲು ತಿಂಗಳುಗಳು ಬೇಕು. ಹಸು ಅಷ್ಟು ದಿನ ಕಾಯಲಾರದು.